ಪಥ್ಯ ಬಿಡುವ ಊಟಕ್ಕೆ ನಿಮ್ಮನ್ನೂ ಕರೆಯಬೇಕಿತ್ತು

ಹೃದಯ ತಪಾಸಣಾ ಶಿಬಿರದಲ್ಲಿ ಮೈಕು ಹಿಡಿದು ಮಾತಾಡಿ ಹೋದ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ಅಂದು ನೀವು ಅರ್ಧ ಮಾತು ಹೇಳಿ ಹೋದಿರಿ. ಅದರ ಫಲವಾಗಿ ಇಂದು ನನ್ನ ತಂಗಿಯ ಮನೆಯಲ್ಲಿ ತುಪ್ಪ ಹರಿಯುತ್ತಿದೆ, ನನ್ನ ಮನೆಯಲ್ಲಿ ಮಾತ್ರೆ ಧೂಳು ತಿನ್ನುತ್ತಿದೆ. ಇದೇ ನನ್ನ ದೂರು. ಇದರಲ್ಲಿ ಮುಕ್ಕಾಲು ಪಾಲು ಹೊಟ್ಟೆಕಿಚ್ಚು ಎಂದು ನಾನೇ ಮೊದಲು ಹೇಳಿಬಿಡುತ್ತೇನೆ. ಎರಡು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು ನಾನು. ಅರ್ಜಿಯಲ್ಲಿ ಮುಚ್ಚಿಟ್ಟದ್ದು ಸ್ಥಳ ತನಿಖೆಯಲ್ಲಿ ಹೊರಗೆ ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ನಿಮ್ಮ ಶಿಬಿರಕ್ಕೆ ನಮ್ಮ ಯಜಮಾನರು ಸದಾಶಿವಪ್ಪನವರೂ ನನ್ನ ತಂಗಿ ಅಕ್ಕನಾಗಮ್ಮನ ಗಂಡ ತೀರ್ಥೇಶನೂ ಒಟ್ಟಿಗೇ ಬಂದಿದ್ದರು. ನಾವು ತೊಗರ್ಸಿ ಕಡೆಯವರು, ಅವರು ಚಂದ್ರಗುತ್ತಿ ಕಡೆಯವರು. ನಮ್ಮವರಿಗೆ ಅದರ ಹಿಂದಿನ ವರ್ಷ ಮೆಕ್ಕೆಜೋಳ ಒಕ್ಕುವ ಮಿಷನ್ನಿನ ಪಕ್ಕದಲ್ಲೇ ಎದೆ ಹಿಡಿದುಕೊಂಡಿತ್ತು, ಶಿವಮೊಗ್ಗಕ್ಕೆ ಒಯ್ದು ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದೆವು. ತೀರ್ಥೇಶನಿಗೆ ಎದೆನೋವೂ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಶಿಬಿರದ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಎಂದು ಬಂತು, ಅಷ್ಟೇ. ಒಬ್ಬರು ಸಾವಿನ ಮನೆಯ ಹೊಸ್ತಿಲು ಮುಟ್ಟಿ ಬಂದವರು, ಇನ್ನೊಬ್ಬ ಬರೀ ಒಂದು ಅಂಕಿ ಹೊತ್ತು ಬಂದವನು. ನಮ್ಮವರು ಮೊದಲಿನಿಂದ ನುಂಗುತ್ತಿದ್ದ ಮಾತ್ರೆಯನ್ನೇ ಅವನಿಗೂ ಬರೆದುಕೊಟ್ಟರು. ಆಮೇಲೆ ನೀವು ಮೈಕಿನಲ್ಲಿ ಎಲ್ಲರಿಗೂ ಸೇರಿಸಿ ಒಂದೇ ಮಾತು ಹೇಳಿದಿರಿ: "ಕೊಬ್ಬು ಕರಗುತ್ತೆ, ತಪ್ಪದೆ ನುಂಗಿ." ಯಾರಿಗೆ ಯಾಕೆ, ಎಲ್ಲಿಯವರೆಗೆ, ಬಿಟ್ಟರೆ ಏನು ಎಂದು ವಿವರಿಸಲು ತಮಗೆ ಪುರುಸೊತ್ತಿರಲಿಲ್ಲ. ಹಾರ ಹಾಕಿಸಿಕೊಂಡು ಫೋಟೋಕ್ಕೆ ನಿಲ್ಲುವಷ್ಟು ಪುರುಸೊತ್ತು ಇತ್ತು.

ನಮ್ಮ ಕಡೆ ಮದ್ದು ಎಂದರೆ ಏನೆಂದು ತಿಳಿದಿದ್ದೀರಿ? ಕಾಮಾಲೆಯಾದರೆ ನಾಟಿ ಮದ್ದು ತಿನ್ನುತ್ತೇವೆ. ಉಪ್ಪು, ಹುಳಿ, ಎಣ್ಣೆ ಬಿಟ್ಟು ಪಥ್ಯ ಹಿಡಿಯುತ್ತೇವೆ. ಕಣ್ಣಿನ ಹಳದಿ ಇಳಿದ ಮೇಲೆ ತಲೆಗೆ ಎಣ್ಣೆ ಒತ್ತಿ ನೀರು ಹಾಕಿ, ಹೋಳಿಗೆ ಮಾಡಿ, ನೆಂಟರನ್ನು ಕರೆದು ಪಥ್ಯ ಬಿಡುತ್ತೇವೆ. ಮದ್ದಿಗೆ ಮೊದಲು ಇದ್ದಂತೆ ಕೊನೆಯೂ ಇರಬೇಕು. ಹೀಗಾಗಿ ಕೆಲವು ತಿಂಗಳ ನಂತರ ತೀರ್ಥೇಶನ ರಿಪೋರ್ಟು ನಾರ್ಮಲ್ ಬಂದದ್ದೇ ತಡ, ತಂಗಿ ಫೋನ್ ಮಾಡಿದಳು: "ಅಕ್ಕಾ, ನಮ್ಮನೆಯವ್ರ ಕೊಬ್ಬು ಇಳೀತು ಕಣೆ. ಸೋಮವಾರ ಮಾತ್ರೆ ನಿಲ್ಸಿ ಪಥ್ಯ ಬಿಡಿಸ್ತೀವಿ, ಭಾವನ್ನ ಕರ್ಕಂಡು ಬಾ." ಅಂಕಿ ಇಳಿದದ್ದೇ ಮಾತ್ರೆಯಿಂದ, ಬಿಟ್ಟರೆ ಮತ್ತೆ ಏರಬಹುದು ಎಂಬುದು ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಅವಳು ಹೋಳಿಗೆ ಮಾಡುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಯಾಕೆಂದರೆ, ಮಾನ್ಯರೇ, ನಮ್ಮ ತವರಿನಲ್ಲಿ ಹೋಳಿಗೆ ನನ್ನ ಕೈಯದು. ಅಕ್ಕನಾಗಮ್ಮ ತಟ್ಟಿದರೆ ಕಣಕ ಒಂದು ದಿಕ್ಕು, ಹೂರಣ ಒಂದು ದಿಕ್ಕು. ಮದುವೆಯಾಗಿ ಹೋದ ಮೇಲೂ ಹಬ್ಬ ಬಂದರೆ ನನ್ನನ್ನೇ ಕೇಳುತ್ತಿದ್ದಳು. ಸ್ಟೆಂಟ್ ಹಾಕಿಸಿದ ದಿನದಿಂದ ನನ್ನ ಒಲೆಯ ಮೇಲೆ ಹೆಂಚು ಏರಿದ್ದು ಒಣ ರೊಟ್ಟಿಗೆ ಮಾತ್ರ. ತೆಂಗಿನಕಾಯಿ ತುರಿಯುವ ಸದ್ದು ಕೇಳಿ ಎಷ್ಟು ಕಾಲವಾಯಿತೋ. ಕರಿದದ್ದಿಲ್ಲ, ಬೆಣ್ಣೆ ಇಲ್ಲ. ನಮ್ಮವರು ನನ್ನ ಅಡುಗೆಗೆ ಆಸ್ಪತ್ರೆ ಊಟ ಎಂದು ಹೆಸರಿಟ್ಟರು. ಇತ್ತ ನನ್ನ ಕೈರುಚಿ ಸತ್ತಿತು, ಅತ್ತ ಹೋಳಿಗೆ ಮುರಿಯುತ್ತಿದ್ದವಳು ದೊಡ್ಡ ಅಡುಗೆಯವಳಾದಳು. ಗಂಡನಿಗೆ ಹೆದರಿಕೆಯಿಲ್ಲದೆ ಬಡಿಸುವ ಭಾಗ್ಯ ಅವಳದು, ಎಲೆಯಿಂದ ಕಸಿದುಕೊಳ್ಳುವ ಕೆಲಸ ನನ್ನದು. ಇದಕ್ಕೆ ಉರಿಯದೆ ಇರಲು ನಾನೇನು ಶರಣೆಯೇ?

ಆ ಸೋಮವಾರ ಪಂಕ್ತಿಯಲ್ಲಿ ಷಡ್ಡಕರಿಬ್ಬರೂ ಅಕ್ಕಪಕ್ಕ ಕೂತರು. ತಂಗಿ ತುಪ್ಪದ ಮಿಳ್ಳೆ ಹಿಡಿದು ಬಂದಳು. ತೀರ್ಥೇಶನ ಹೋಳಿಗೆ ಮುಳುಗುವಷ್ಟು ಬಿಟ್ಟು ನಮ್ಮವರ ಎಲೆಯ ಮುಂದೆ ಬಗ್ಗಿ ನನ್ನ ಮುಖ ನೋಡಿದಳು. ಬೇಡವೆಂದರೆ ಎಲೆಗೆ ಕೈ ಅಡ್ಡ ಹಿಡಿಯುವುದು ಪದ್ಧತಿ. ನಮ್ಮವರು ಹಿಡಿಯಲಿಲ್ಲ. ಅಷ್ಟು ಜನರ ಮುಂದೆ ನಾನು ಹಿಡಿಯಲಾಗಲಿಲ್ಲ. ಅವರು ಕಣ್ಣು ಮುಚ್ಚಿ ಉಂಡರು. ಅಷ್ಟು ಸುಖವಾಗಿ ನನ್ನ ಮನೆಯಲ್ಲಿ ಅವರು ಉಂಡು ಎರಡು ವರ್ಷವಾಗಿತ್ತು, ಅದನ್ನು ನೋಡುತ್ತ ನನಗೆ ಅಳು ಬಂತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಹೇಳಿದ್ದಿಷ್ಟೇ: "ನಂದೂ ನಾರ್ಮಲ್ ಬಂದೈತಲ್ಲ. ನಂದ್ಯಾವಾಗ ಬಿಡ್ಸಾದು ಪಥ್ಯ?" ಉತ್ತರವನ್ನೂ ಅವರೇ ಕೊಟ್ಟುಕೊಂಡರು. ಅಂದಿನಿಂದ ಮಾತ್ರೆಯ ಶೀಟು ನೀರಿನ ಹಂಡೆಯ ಪಕ್ಕ ಮುಟ್ಟದೆ ಬಿದ್ದಿದೆ. ಕೇಳಿದರೆ ಮೊಬೈಲು ಮುಂದೆ ಹಿಡಿಯುತ್ತಾರೆ. ಕೊಲೆಸ್ಟ್ರಾಲ್ ಎಂಬುದೇ ಔಷಧ ಕಂಪನಿಗಳು ಕಟ್ಟಿದ ಗುಮ್ಮ ಎಂದು ಅದರಲ್ಲೊಬ್ಬ ಮಹಾನುಭಾವ ಒಳ್ಳೇ ಕನ್ನಡದಲ್ಲಿ, ನಗುನಗುತ್ತಾ, ಗಂಟೆಗಟ್ಟಲೆ ವಿವರಿಸುತ್ತಾನೆ. ಸುಳ್ಳು ಹೇಳುವವನಿಗೆ ಅಷ್ಟು ತಾಳ್ಮೆಯಿದ್ದರೆ ನಿಜ ಹೇಳಬೇಕಾದ ತಮಗೆ ಯಾಕಿಲ್ಲ?

ಅನುಮಾನ ನನಗೂ ಇದೆ, ಮರೆಮಾಚುವುದಿಲ್ಲ. ಮೊಟ್ಟೆಯ ಹಳದಿ ವಿಷ ಎಂದವರೇ ಆಮೇಲೆ ಪರವಾಗಿಲ್ಲ ಎಂದರು. ಇಂದು ಒಂದು ಎಣ್ಣೆ ಒಳ್ಳೆಯದು, ನಾಳೆ ಇನ್ನೊಂದು. ದಿನಕ್ಕೊಂದು ಮಾತು ಹೇಳಿದರೆ ಜನ ಯಾವುದನ್ನು ನಂಬಬೇಕು? ಅದಕ್ಕೇ ನಾನೊಬ್ಬಳೇ ಶಿವಮೊಗ್ಗಕ್ಕೆ ಹೋಗಿ ಸ್ಟೆಂಟ್ ಹಾಕಿದ ಡಾಕ್ಟರನ್ನು ಕೇಳಿದೆ. ಒಮ್ಮೆ ಹೃದಯಾಘಾತ ಆದವರ ಲೆಕ್ಕವೇ ಬೇರೆ ಎಂದರು ಅವರು. ಅಂಕಿ ನಾರ್ಮಲ್ ಇದ್ದರೂ ಮಾತ್ರೆ ಬಿಡುವಂತಿಲ್ಲ, ಅದು ಇನ್ನೊಂದು ಆಘಾತದ ಸಂಭವ ಕಡಿಮೆ ಮಾಡುತ್ತದೆ. ತೀರ್ಥೇಶನಂಥವರಿಗೆ ವಯಸ್ಸು, ಬಿ.ಪಿ., ಬೀಡಿ ಎಲ್ಲ ನೋಡಿ ಬೇಕೋ ಬೇಡವೋ ತೂಗಬೇಕು, ಅದನ್ನು ತೂಗುವುದು ಡಾಕ್ಟರು, ಹೋಳಿಗೆಯಲ್ಲ. ಹಬ್ಬಕ್ಕೆ ಒಂದು ಚಮಚ ತುಪ್ಪಕ್ಕೆ ಭೂಮಿ ಬಿರಿಯುವುದಿಲ್ಲ ಎಂದೂ ಹೇಳಿದರು. ಇಷ್ಟು ಮಾತನ್ನು ಶಿಬಿರದಲ್ಲಿ ಆಡಿದ್ದರೆ ತಮ್ಮ ಹಾರ ಬಾಡುತ್ತಿತ್ತೇ?

ಮನೆಗೆ ಬಂದು ಎಲ್ಲ ಹೇಳಿದೆ. ನಮ್ಮವರು ಪೂರ್ತಿ ಕೇಳಿಸಿಕೊಂಡು, "ನಿಂಗೆ ನಿನ್ ತಂಗಿ ಮ್ಯಾಲೆ ಹೊಟ್ಟೆಕಿಚ್ಚು, ಅದಕ್ಕೆ ಹಿಂಗೆಲ್ಲ ಹೇಳ್ತಿ" ಎಂದರು. ಹೊಟ್ಟೆಕಿಚ್ಚು ನಿಜವೇ. ಹೊಟ್ಟೆಕಿಚ್ಚಿನವಳು ನಿಜ ಹೇಳಿದರೂ ಯಾರೂ ನಂಬುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಬರುವ ಭೂಮಿ ಹುಣ್ಣಿಮೆಗೆ ಎರಡೂ ಮನೆಯವರು ನಮ್ಮ ಗದ್ದೆಯಲ್ಲಿ ಊಟಕ್ಕೆ ಕೂರುತ್ತೇವೆ. ಅದಕ್ಕೆ ಮುಂಚೆ ತಾವು ಅದೇ ಮೈಕು ಹಿಡಿದು ಮತ್ತೆ ಬರಬೇಕು. ಈ ಮಾತ್ರೆ ಯಾರು ಬಿಡಲೇಬಾರದು, ಯಾರು ಕೇಳಿ ಬಿಡಬಹುದು, ಇದಕ್ಕೆ ಪಥ್ಯ ಬಿಡುವ ಊಟ ಯಾಕಿಲ್ಲ ಎಂದು ಎಲ್ಲರೆದುರು ಬಿಡಿಸಿ ಹೇಳಬೇಕು. ನನಗೆ ಹೇಳಬೇಡಿ, ನನಗೆ ಗೊತ್ತು. ಅವರಿಬ್ಬರನ್ನು ಮುಂದೆ ಕೂರಿಸಿಕೊಂಡು ಹೇಳಿ.

ತಡಮಾಡಬೇಡಿ. ದಿನಾ ಬೆಳಗ್ಗೆ ನಾನು ತಂಗಿಗೆ ಫೋನ್ ಮಾಡಿ ತೀರ್ಥೇಶ ಹೇಗಿದ್ದಾನೆ ಎಂದು ವಿಚಾರಿಸುತ್ತೇನೆ. ಅಕ್ಕನಿಗೆ ನಮ್ಮ ಮೇಲೆ ಎಷ್ಟು ಕಾಳಜಿ ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ತಿರುಗುತ್ತಾಳಂತೆ. "ಆರಾಮಿದಾರೆ ಅಕ್ಕಾ, ಗದ್ದೆಗೆ ಹೋದ್ರು" ಎಂದು ಅವಳು ಅಂದಾಗಲೆಲ್ಲ ನನಗೆ ನಿರಾಸೆಯಾಗುತ್ತದೆ. ಅವನಿಗೆ ಒಂದಿಷ್ಟು ಎದೆನೋವು ಬಂದರೆ ನಮ್ಮವರು ಹೆದರಿ ಮಾತ್ರೆ ನುಂಗಿಯಾರು ಎಂದು ಕಾಯುತ್ತಿದ್ದೇನೆ. ಬೇರೆ ಯಾರಿಗೋ ಅಲ್ಲ, ನನ್ನ ಬೆನ್ನಿಗೆ ಹುಟ್ಟಿದವಳ ಗಂಡನಿಗೆ. ನೀವು ಮೈಕಿನಲ್ಲಿ ಹೇಳಬೇಕಿದ್ದ ಮಾತನ್ನು ಅವನ ಎದೆ ಹೇಳಲಿ ಎಂದು ಬಯಸುವವಳಾಗಿದ್ದೇನೆ. ಅದಾಗುವ ಮೊದಲು ಬನ್ನಿ.

ಇಂತಿ,
ತಂಗಿಯ ಫೋನಿಗೆ ಕಿವಿಗೊಟ್ಟು ಕೂತ,
ಹೋಳಿಗೆ ಮರೆತ ಕೈಯ
ಸುನಿತಾ ಸದಾಶಿವಪ್ಪ