ಕೊರಳಿನ ಲಿಂಗ

ಗೋದೌಲಿಯಾ, ಕಾಶಿ
ಮಾರ್ಚ್ ೧೯೯೩

ಅಪ್ಪಾ,

ನೀನು ತೀರಿಹೋಗಿ ತಿಂಗಳಾದ ಮೇಲೆ ನಿನ್ನ ಮೇಲೆ ಇಷ್ಟು ಸಿಟ್ಟು ಬಂದೀತೆಂದು ನನಗೆ ಗೊತ್ತಿರಲಿಲ್ಲ.

ಉಳಿದ ಮಾತ್ರೆಗಳನ್ನು ಕೊಟ್ಟುಬರಲು ಇವತ್ತು ಆಸ್ಪತ್ರೆಗೆ ಹೋಗಿದ್ದೆ. ಲಕ್ಷಕ್ಕೊಬ್ಬರಿಗೆ ಬರುವ ಗಡ್ಡೆ, ಆಪರೇಷನ್ ಆದಮೇಲೂ ಕಿವಿಯ ಕೆಳಗೆ ಮತ್ತೆ ಯಾಕೆ ಬಂತೆಂದು ಅಲ್ಲಿರುವ ಧಾರವಾಡ ಕಡೆಯ ಡಾಕ್ಟರ್ ವಿಜಯಾ ಅವರನ್ನು ಕೇಳಿದೆ.

“ಕರೆಂಟ್ ಚಿಕಿತ್ಸೆಗೆ, ಅದೇ ರೇಡಿಯೇಷನ್ನಿಗೆ, ಅಪ್ಪಾರು ಬಂದದ್ದು ಒಂದೇ ದಿನ. ಕಿರಣ ಬೀಳೋ ಜಾಗಾ, ಕೊರಳಾಗಿನ ಲಿಂಗ ತೆಗೀರಿ ಅಂದ್ವಿ, ಮತ್ತ ಬರಲೇ ಇಲ್ಲ. ಮಗಳಿಗೆ ಹೇಳಬ್ಯಾಡ್ರಿ ಅಂತ ಕೈ ಮುಗಿದಿದ್ರು. ತೋಳಿಗೆ ಕಟ್ಕೊಂಡಿದ್ರ ಆಗ್ತಿತ್ತಲ್ಲ!”

ಆರು ವಾರ! ದಿನಾ ಬೆಳಿಗ್ಗೆ ಮಜ್ಜಿಗೆ ಬಾಟಲಿ ಕೈಗಿಟ್ಟು ನಿನ್ನನ್ನು ರಿಕ್ಷಾ ಹತ್ತಿಸಿದೆ. ನೀನು ಅಸ್ಸಿ ಘಾಟಿನಲ್ಲಿ ಇಳಿದು ದೋಣಿ ನೋಡುತ್ತ ಕೂತಿದ್ದೆಯಾ? ಮನೆಗೆ ಬಂದು “ಇವತ್ತಿಂದೂ ಆತು” ಎನ್ನಲು ನಿನಗೆ ಮನಸ್ಸಾದರೂ ಹೇಗೆ ಬಂತು? ನಿನಗೆ ಲಿಂಗ ದೊಡ್ಡದು, ಸರಿ. ನಾನು ಯಾರೂ ಅಲ್ಲವೇ? ಬಾಯಿಬಿಟ್ಟು ಒಂದು ಮಾತು ಕೇಳಬಾರದಿತ್ತೇ?

ನೀನು ಕೇಳಿದ್ದೆ. ಚಿಕಿತ್ಸೆಗೆ ಹೋಗಿಬಂದ ಆ ಮೊದಲ ದಿನ, ಆಪರೇಷನ್ನಿನಿಂದ ಸೊಟ್ಟಗಾಗಿದ್ದ ಬಾಯಿಯನ್ನು ಟವೆಲಿನಿಂದ ಮುಚ್ಚಿಕೊಂಡು, “ಲಿಂಗ ತೋಳಿಗೆ ಕಟ್ಟಿದ್ರ ನಡೀತದೇನು, ಸ್ವಾಮಿಗಳನ್ನ ಕೇಳಿ ಬಾ. ಈ ಮಾರಿ ಹೊತ್ತು ನಾ ಮಠಕ್ಕ ಹೋಗಾಂಗಿಲ್ಲ” ಎಂದಿದ್ದೆ.

ನಾಳೆ ಹೋಗ್ತೀನಿ ಎಂದು ನಾನು ಹೇಳಿದ್ದೆ.

ಮಠ ಇರುವುದು ನಮ್ಮ ಮನೆಯಿಂದ ಮೂರನೇ ಗಲ್ಲಿಯಲ್ಲಿ.