ನನ್ನ ಮಗಳ ಬುಸ್ಸಪ್ಪನಿಗೆ

ಬುಸ್ಸಪ್ಪಾ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಚೆನ್ನಾಗಿದ್ದೀಯೆಂದು ನನ್ನ ಮಗಳ ಮುಖ ನೋಡಿದರೇ ತಿಳಿಯುತ್ತದೆ.

ಮುಂದಿನ ಕೋಣೆಯಲ್ಲಿ ನಾನು ಊರವರ ಬಟ್ಟೆಗೆ ಇಸ್ತ್ರಿ ಹಾಕುವಾಗ ಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟಿತ್ತಲ್ಲ, ಅವತ್ತೇ ನೀನು ಹುಟ್ಟಿದೆ. ಏಳು ವರ್ಷದ ಅವಳು ಪಕ್ಕದ ಖಾಲಿ ಸ್ಟೂಲು ತೋರಿಸಿ, "ಬುಸ್ಸಪ್ಪ ಕೂತಿದಾನೆ" ಎಂದಳು. ಆಟಿಸಂ ಇರುವ ಮಕ್ಕಳು ಇಲ್ಲದ್ದನ್ನು ಇದೆಯೆಂದುಕೊಂಡು ಆಡುವುದು ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಅವಳ ಟೀಚರಂತೂ ಸುದ್ದಿ ಕೇಳಿ ಹಿಗ್ಗಿದರು. "ಆಡ್ಲಿ ಬಿಡಿ. ಅವಳ ಥರಾನೇ ಆಡ್ಲಿ" ಎಂದರು. ನಾನೂ ಹಿಗ್ಗಬೇಕಿತ್ತು.

ಆದರೆ ನನ್ನ ಹತ್ತಿರ "ನೀರು", "ಬೇಡ", "ಲೈಟು" ಎಂದು ಮಾತು ಮುಗಿಸುವವಳು ನಿನ್ನ ಹತ್ತಿರ ಶಾಲೆ ಬಸ್ಸಿನ ಕಿಟಕಿಗಳನ್ನೆಲ್ಲ ಒಂದೊಂದಾಗಿ ವರ್ಣಿಸುತ್ತಿದ್ದಳು. ಅಂಗಿಯ ಕಾಲರು ತೀಡುತ್ತ ನಾನು ಕಿವಿಯನ್ನು ಅತ್ತಲೇ ಇಟ್ಟಿರುತ್ತಿದ್ದೆ. ಹೆತ್ತವಳು ನಾನು, ಸುದ್ದಿಯೆಲ್ಲ ನಿನಗೆ.

ಹೋದ ತಿಂಗಳು ತಡೆಯಲಾಗಲಿಲ್ಲ. ಬೇಕೆಂದೇ ನಿನ್ನ ಸ್ಟೂಲಿನ ಮೇಲೆ ಕೂತೆ. "ನಂಗೂ ಹೇಳೇ, ಬಸ್ಸಲ್ಲಿ ಇವತ್ತು ಏನಾಯ್ತು?" ಎಂದೆ. ಅವಳು ಕಿವಿ ಮುಚ್ಚಿಕೊಂಡು ಚೀರಿದಳು. ಆಮೇಲೆ ನಾಲ್ಕು ದಿನ ಮನೆಯಲ್ಲಿ ಮಾತೇ ಇಲ್ಲ. ನಿನ್ನ ಹತ್ತಿರವೂ ಇಲ್ಲ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಗೆದ್ದೆ ಅನ್ನಿಸಿತು. ಆ ಗಳಿಗೆ ನೆನೆದರೆ ಈಗಲೂ ತಲೆ ತಗ್ಗಿಸುವಂತಾಗುತ್ತದೆ.

ಐದನೆಯ ದಿನ ಇಸ್ತ್ರಿ ಹಾಕುತ್ತಲೇ ಸ್ಟೂಲಿನ ಕಡೆ ತಿರುಗಿ, "ತಪ್ಪಾಯ್ತು ಕಣಪ್ಪ, ಬಂದ್ಬಿಡು" ಎಂದೆ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನನ್ನ ಗಮನ ಅವಳ ಮೇಲಿತ್ತು, ಬೆರಳು ಕಾದ ಪೆಟ್ಟಿಗೆಗೆ ತಗುಲಿತು. ಯಾರಿಂದಲೂ ಮೈ ಮುಟ್ಟಿಸಿಕೊಳ್ಳದ ಹುಡುಗಿ ಓಡಿ ಬಂದು ಆ ಬೆರಳು ಹಿಡಿದುಕೊಂಡಳು. "ಅಮ್ಮಂಗೆ ಉರೀತಿದೆ, ಊದು ಅಂತ ಬುಸ್ಸಪ್ಪ ಹೇಳ್ದ" ಎಂದು ಕೆನ್ನೆಯುಬ್ಬಿಸಿ ಊದತೊಡಗಿದಳು.

ಅಷ್ಟುದ್ದದ ಮಾತನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು. ಅದರಲ್ಲೂ ನಿನ್ನ ಹೆಸರು ಬರಬೇಕಿತ್ತೇ? ಆ ಕರುಣೆ ಅವಳದೇ ಎಂದು ನನಗೆ ಗೊತ್ತು. ಆದರೂ ನಿನ್ನ ಪಾಲನ್ನು ಅಲ್ಲಗಳೆಯಲಿಲ್ಲ. ಉರಿ ನಿಂತ ಮೇಲೂ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಅವಳಿಗೆ ಬೇಕಾಗುವಷ್ಟು ದಿನ ಸುಖವಾಗಿ ಬಾಳು.

ಇಂತಿ,
ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರದ
ಅವಳ ಅಮ್ಮ