ಕ್ಯೂಬಾದವನ ಅಕ್ಕ

ಕೋಲ್ಟರ್ಸ್ ಕ್ರಾಸಿಂಗ್, ಮಿಸ್ಸೌರಿ
೨೨ ಆಗಸ್ಟ್ ೧೯೦೭

ಪ್ರೀತಿಯ ತಮ್ಮ ಲೆವಿ,

ಲಕೋಟೆಯ ಮೇಲೆ ರಾಮೋನ್ ಕ್ವೆಸಾಡ ಎಂದೇ ಬರೆದಿದ್ದೇನೆ, ಹೆದರಬೇಡ. ಒಳಗಾದರೂ ಅಮ್ಮ ಇಟ್ಟ ಹೆಸರಿರಲಿ. ಹೇಗಿದ್ದೀಯ? ಇಲ್ಲಿ ಆಡಿದಾಗ ನೀನು ಚೆಂಡೆಸೆದ ಮೇಲೆ ಮೊಣಕೈ ಉಜ್ಜಿಕೊಳ್ಳುತ್ತಿದ್ದೆ, ಕಂಡೆ. ಕರ್ಪೂರದೆಣ್ಣೆ ಹಚ್ಚಿ ಬಟ್ಟೆ ಸುತ್ತಿ ಮಲಗು. ಚಿಕ್ಕಂದಿನಿಂದಲೂ ನಿನಗೆ ಮೈಮೇಲೆ ನಿಗಾ ಇಲ್ಲ.

ನಮ್ಮಂಥ ಕರಿಯರನ್ನು ಸೇರಿಸಿಕೊಳ್ಳದ ತಂಡದಲ್ಲಿ ನೀನು ನಿನ್ನ ತಿಳಿ ಮೈಬಣ್ಣವನ್ನೇ ನಂಬಿ ಕ್ಯೂಬಾದವನ ವೇಷ ಹಾಕಿ ಊರೂರು ಸುತ್ತಿ ಬೇಸ್‌ಬಾಲ್ ಆಡುತ್ತಿದ್ದೀಯೆಂದು ನಮಗೇನು ಗೊತ್ತಿತ್ತು? ಎರಡು ವರ್ಷದಿಂದ ಒಂದು ಸಾಲು ಬರೆದವನಲ್ಲ. ಕಳೆದ ತಿಂಗಳು ಆಟವಿದೆಯೆಂದು ಅಪ್ಪ ಕ್ಷೌರದಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ನನ್ನನ್ನೂ ಎಳೆದುಕೊಂಡು ಬಂದರು. ನಮ್ಮ ಜನ ನಿಲ್ಲುವ ಹಗ್ಗದ ಹಿಂದೆ ನಿಂತೆವು. ನೀನು ಬ್ಯಾಟು ಹಿಡಿದು ಎರಡು ಸಲ ಭುಜ ಕುಣಿಸಿದೆ ನೋಡು, ಗುರುತು ಹಿಡಿಯಲು ಅಷ್ಟೇ ಸಾಕಾಯಿತು. ಅಪ್ಪ ಟೋಪಿ ಬೀಸುತ್ತಾ "ಲೇ ಲೆವಿ! ನನ್ನ ಮಗ ಕಣ್ರೋ ಅವ್ನು, ನನ್ನ ಮಗ!" ಎಂದು ಕೂಗಿಬಿಟ್ಟರು. ತಪ್ಪು ಅವರದಲ್ಲ, ಸಂತೋಷದ್ದು.

ಆಮೇಲೆ ನಡೆದದ್ದನ್ನು ನೀನು ಮರೆತಿದ್ದರೆ ನಾನು ಹೇಳುತ್ತೇನೆ. ಎದುರು ತಂಡದವರು ಬ್ಯಾಟುಗಳ ಸಮೇತ ನಿನ್ನನ್ನು ಸುತ್ತುವರಿದರು. "ಕರಿಯನ್ನ ತಂದು ನಮ್ಮ ಮೇಲೆ ಆಡಿಸ್ತೀರೇನ್ರೋ?" ಎಂದು ನಿಮ್ಮ ಮ್ಯಾನೇಜರನ ಮೇಲೆ ಹಾರಾಡಿದರು. ನಿನ್ನನ್ನು ಹಗ್ಗದ ಬಳಿಗೆ ದೂಡಿಕೊಂಡು ಬಂದು "ಈ ಮುದುಕ ಯಾರೋ? ಗೊತ್ತೇನೋ?" ಎಂದು ಕೇಳಿದರು. ನೀನು ಅಪ್ಪನ ಮುಖವನ್ನೇ ನೋಡಿ, ಇಲ್ಲವೆಂದು ತಲೆಯಾಡಿಸಿದೆ. ಆ ಬ್ಯಾಟುಗಳ ನಡುವೆ ಮತ್ತೇನು ಮಾಡಬಹುದಿತ್ತೆಂದು ನಾನೂ ಎಷ್ಟೋ ಸಲ ಯೋಚಿಸಿದ್ದೇನೆ. ಆಗ ಅಪ್ಪ ಟೋಪಿಯನ್ನು ಎದೆಗೊತ್ತಿಕೊಂಡು ಹಲ್ಲುಗಿಂಜಿದರು. "ತಪ್ಪಾಯ್ತು ಸ್ವಾಮಿ. ಕಣ್ಣು ಮಂಜಾಗಿ ವರ್ಷವಾಯ್ತು. ನನ್ನ ಮಗ ಎಲ್ಲಿ, ಈ ದೊರೆ ಎಲ್ಲಿ! ಅವ್ನು ಕೆಟಲಿನ ತಳದಷ್ಟು ಕಪ್ಪು." ಮೈದಾನವೆಲ್ಲ ನಕ್ಕಿತು. ನೀನೂ ನಕ್ಕೆ ಲೆವಿ. ಇಂಗ್ಲಿಷೇ ಬಾರದ ಕ್ಯೂಬಾದವನಿಗೆ ಅಷ್ಟು ಬೇಗ ನಗು ಹೇಗೆ ಬಂತೆಂದು ಯಾರಿಗೂ ಹೊಳೆಯಲಿಲ್ಲ. ನಿನ್ನ ಅದೃಷ್ಟ. ಮರುಚೆಂಡನ್ನೇ ಬೇಲಿಯಾಚೆ ಹೊಡೆದೆ.

ಆಟದ ಮರು ಸೋಮವಾರ ಧಾನ್ಯದ ವ್ಯಾಪಾರಿ ಪೆಟ್ಟಿಬೋನ್ ಕ್ಷೌರಕ್ಕೆ ಬಂದವನು ಕುರ್ಚಿಯಲ್ಲಿ ಕೂರಲೇ ಇಲ್ಲ. "ಹೆತ್ತ ಮಗನ್ನೇ ಗುರ್ತು ಹಿಡೀದ ಕಣ್ಣಿಗೆ ನನ್ನ ಕುತ್ತಿಗೆ ಒಡ್ಲೇನೋ, ಎಫ್ರಾಯಿಮ್?" ಎಂದು ನಕ್ಕು ಹೊರಟುಹೋದ. ಅಂಗಡಿ ನಡೆಯುತ್ತಿದ್ದದ್ದೇ ಬಿಳಿಯರಿಂದ; ಅವನ ಹಿಂದೆಯೇ ಒಬ್ಬೊಬ್ಬರಾಗಿ ಅವರೆಲ್ಲ ಬರುವುದು ಬಿಟ್ಟರು. ಹತ್ತೊಂಬತ್ತು ವರ್ಷ ಯಾರ ಗಲ್ಲದ ಮೇಲೂ ಒಂದು ಗೀರು ಬೀಳಿಸದ ಕೈ ಅದು. ಇವತ್ತಿಗೂ ನನ್ನ ಸೂಜಿಗೆ ದಾರ ಪೋಣಿಸಿಕೊಡುವವರು ಅವರೇ. ಕಣ್ಣು ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ನಿನ್ನ ಗುಟ್ಟು ಬಯಲಾಗುತ್ತದಲ್ಲ, ಸುಮ್ಮನಾದರು. ಅಂಗಡಿ ಮುಚ್ಚಿತು. ಈಗ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಗಿರಾಕಿಗಳು ಉಗುಳುವ ಪೀಕದಾನಿ ತೊಳೆಯುತ್ತಾರೆ. ಬೀದಿಯಲ್ಲಿ ಬಿಳಿಯರು ಎದುರಾದರೆ ಗೋಡೆ ತಡವಿಕೊಂಡು ನಡೆಯುತ್ತಾರೆ. ನಾನು ಬೈದರೆ "ಹೋಗ್ಲಿ ಬಿಡೇ ಆರ್ಡೀಲಿಯಾ, ಅವ್ನು ಹೊಡೆದ ಹೊಡೆತ ನೋಡಿದ್ಯಾ?" ಎನ್ನುತ್ತಾರೆ.

ಅಪ್ಪನ ಆಶೀರ್ವಾದ ನಿನ್ನ ಮೇಲಿದೆ. ನನ್ನದನ್ನು ಕೇಳಬೇಡ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಆರ್ಡೀಲಿಯ

ಮತ್ತೊಂದು ಮಾತು: ನಿಮ್ಮ ತಂಡ ಸೆಪ್ಟೆಂಬರ್ ಹದಿನಾಲ್ಕಕ್ಕೆ ಮತ್ತೆ ಇಲ್ಲಿಗೆ ಬರುತ್ತದೆಂದು ಗೋಡೆಗಳಿಗೆ ಚೀಟಿ ಅಂಟಿಸಿದ್ದಾರೆ. ಅಪ್ಪನಿಗೆ ಹೇಳಿಲ್ಲ. ಗೊತ್ತಾದರೆ ಬಂದು ಕುರುಡನಂತೆ ನಿಲ್ಲುತ್ತಾರೆ. ಅದನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ. ಜ್ವರವೆಂದು ಹೇಳಿ ಹಿಂದಿನ ಊರಲ್ಲೇ ಉಳಿದುಬಿಡು. ಬಂದೆಯೋ, ನಾನೇ ಹಗ್ಗ ದಾಟಿ ಬಂದು ನಿನ್ನನ್ನು ಹೆಸರು ಹಿಡಿದು ಕರೆಯುತ್ತೇನೆ. ಅಪ್ಪನ ಹಾಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.